‘ಸ್ವಂತ ಜವಾಬ್ದಾರಿಯ ಮೇಲೆ’ ಮನೆಗೆ

ಐಸಿಯುನಲ್ಲಿರುವ ರೋಗಿ ಇನ್ನು ಉಳಿಯುವುದಿಲ್ಲ ಎಂಬುದು ವೈದ್ಯರಿಗೂ ಮನೆಯವರಿಗೂ ಗೊತ್ತಾದ ಮೇಲೆ ನಮ್ಮ ಕಡೆ ಒಂದು ಫಾರಂ ಹೊರಬರುತ್ತದೆ. ‘ವೈದ್ಯರ ಸಲಹೆಗೆ ವಿರುದ್ಧವಾಗಿ, ನಮ್ಮ ಸ್ವಂತ ಜವಾಬ್ದಾರಿಯ ಮೇಲೆ ರೋಗಿಯನ್ನು ಕರೆದುಕೊಂಡು ಹೋಗುತ್ತಿದ್ದೇವೆ, ಮುಂದೆ ಆಗುವುದಕ್ಕೆ ಆಸ್ಪತ್ರೆ ಹೊಣೆಯಲ್ಲ’ ಎಂಬ ಒಕ್ಕಣೆ. ಸಿಬ್ಬಂದಿಯ ಬಾಯಲ್ಲಿ ಇದು ‘ಲಾಮಾ’, ಕೆಲವು ಕಡೆ ‘ಡಾಮಾ’, ಎರಡೂ ‘ವೈದ್ಯರ ಸಲಹೆಗೆ ವಿರುದ್ಧವಾಗಿ ಹೋಗುವುದು’ ಎಂಬುದರ ಇಂಗ್ಲಿಷ್ ಕಿರುರೂಪ. ಮಗನೋ ಅಳಿಯನೋ ಸಹಿ ಹಾಕುತ್ತಾನೆ. ವೆಂಟಿಲೇಟರ್ ಕಳಚಿ, ಗಂಟಲಿನ ನಳಿಕೆಗೆ ಕೈಯಿಂದ ಒತ್ತಿ ಗಾಳಿ ತುಂಬುವ ಆಂಬು ಬ್ಯಾಗ್ ಸಿಕ್ಕಿಸಿ, ರೋಗಿಯನ್ನು ಆಂಬುಲೆನ್ಸಿಗೆ ಏರಿಸುತ್ತಾರೆ. ಊರು ನೂರು ಕಿಲೋಮೀಟರ್ ದೂರವಿದ್ದರೂ ದಾರಿಯುದ್ದಕ್ಕೂ ಒಬ್ಬರು ಆ ಚೀಲವನ್ನು ಒತ್ತುತ್ತಲೇ ಇರಬೇಕು. ಮನೆ ಮುಟ್ಟಿದ ಮೇಲೆ ಜಗಲಿಯಲ್ಲೋ ನಡುಮನೆಯಲ್ಲೋ ನಳಿಕೆ ಎಳೆದು ತೆಗೆಯುತ್ತಾರೆ. ಆಮೇಲೆ ಹತ್ತು ನಿಮಿಷವೋ ಹತ್ತು ಗಂಟೆಯೋ ಉಸಿರಿಗಾಗಿ ನಡೆಯುವ ಒದ್ದಾಟವನ್ನು ಮನೆಯವರೇ ಕೂತು ನೋಡಬೇಕು. ವೈದ್ಯರಿಲ್ಲ, ನರ್ಸ್ ಇಲ್ಲ, ಉಸಿರಿನ ಸಂಕಟ ತಗ್ಗಿಸುವ ಒಂದು ಹನಿ ಮಾರ್ಫಿನ್ ಕೂಡ ಇಲ್ಲ.

ಜೈವಿಕ ನೀತಿಶಾಸ್ತ್ರ ಎಂದ ತಕ್ಷಣ ವಂಶವಾಹಿ ತಿದ್ದುವುದು, ತದ್ರೂಪಿ ಪ್ರಾಣಿಗಳು, ಕೃತಕ ಬುದ್ಧಿಮತ್ತೆ ಮಾಡುವ ರೋಗನಿರ್ಣಯ ಮುಂತಾದವು ಚರ್ಚೆಗೆ ಬರುತ್ತವೆ. ಅವು ಸಣ್ಣ ಪ್ರಶ್ನೆಗಳಲ್ಲ. ಆದರೆ ನಮ್ಮ ಜಿಲ್ಲಾ ಕೇಂದ್ರಗಳ ಆಸ್ಪತ್ರೆಗಳಲ್ಲಿ ದಿನನಿತ್ಯ ಎದುರಾಗುವ ನೀತಿಯ ಪ್ರಶ್ನೆ ಆ ಒಂದು ಪುಟದ ಫಾರಮ್ಮಿನಲ್ಲಿದೆ. ಚಿಕಿತ್ಸೆ ನಿಲ್ಲಿಸುವುದು ಸರಿ ಎಂದು ಎಲ್ಲರಿಗೂ ಅನಿಸಿರುತ್ತದೆ, ಆದರೆ ಅದನ್ನು ಮಾಡುವ ಹೊಣೆ ಯಾರಿಗೂ ಬೇಡ. ಹಾಗಾಗಿ ಅದು ಕಾಗದ ಓದಿ ಅರ್ಥ ಮಾಡಿಕೊಳ್ಳುವ ಸ್ಥಿತಿಯಲ್ಲೇ ಇಲ್ಲದ ಮನೆಯವರ ತಲೆಗೆ ಬರುತ್ತದೆ. ಇದಕ್ಕೆ ಬದಲಿ ದಾರಿಯನ್ನು ಸುಪ್ರೀಂ ಕೋರ್ಟ್ 2018ರಲ್ಲಿ ತೆರೆಯಿತು, 2023ರಲ್ಲಿ ಸರಳ ಮಾಡಿತು. ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಅದನ್ನು ಜಾರಿ ಮಾಡಲು ಆದೇಶವನ್ನೂ ಹೊರಡಿಸಿತು. ಆ ದಾರಿ ಹೇಗಿದೆ, ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಪ್ರಶ್ನೆ ಹುಟ್ಟಿದ್ದೇ ಯಂತ್ರದ ಜೊತೆಗೆ. 1952ರ ಆಗಸ್ಟಿನಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಪೋಲಿಯೊ ಹಬ್ಬಿ, ಉಸಿರಾಟದ ಸ್ನಾಯುಗಳು ಸೋತ ರೋಗಿಗಳು ಬ್ಲೆಗ್‌ಡಾಮ್ ಆಸ್ಪತ್ರೆಯಲ್ಲಿ ತುಂಬಿಕೊಂಡರು. ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯರು ಹನ್ನೆರಡು ವರ್ಷದ ಹುಡುಗಿಯೊಬ್ಬಳ ಕುತ್ತಿಗೆಯಲ್ಲಿ ರಂಧ್ರ ಮಾಡಿಸಿ, ನಳಿಕೆ ಇಳಿಸಿ, ರಬ್ಬರ್ ಚೀಲ ಒತ್ತಿ ಗಾಳಿ ತುಂಬಿಸಿದರು. ಹುಡುಗಿ ಬದುಕಿದಳು. ಮುಂದಿನ ತಿಂಗಳುಗಳಲ್ಲಿ ಸುಮಾರು 1500 ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಕೂತು ಚೀಲ ಒತ್ತಿದರು. ಇವತ್ತಿನ ಐಸಿಯು ಬೆಳೆದದ್ದು ಅಲ್ಲಿಂದ. ನಮ್ಮ ಆಂಬುಲೆನ್ಸುಗಳಲ್ಲಿರುವ ಆಂಬು ಬ್ಯಾಗ್ 1956ರಲ್ಲಿ ತಯಾರಾದದ್ದೂ ಅದೇ ದೇಶದಲ್ಲೇ. ಪೋಲಿಯೊ ಹಬ್ಬಿ ಐದು ವರ್ಷ ಕಳೆಯುವ ಹೊತ್ತಿಗೆ ಅರಿವಳಿಕೆ ವೈದ್ಯರು ಇನ್ನೊಂದು ಪ್ರಶ್ನೆ ಎತ್ತಿದರು: ಮಿದುಳು ಚೇತರಿಸಿಕೊಳ್ಳುವ ಆಸೆಯೇ ಇಲ್ಲದವರ ಎದೆಗೆ ಯಂತ್ರ ಗಾಳಿ ತುಂಬುತ್ತಲೇ ಇರಬೇಕೇ? 1957ರ ನವೆಂಬರಿನಲ್ಲಿ ಆ ವೈದ್ಯರಿಗೆ ಪೋಪ್ ಹನ್ನೆರಡನೇ ಪಿಯುಸ್ ಕೊಟ್ಟ ಉತ್ತರದ ತಿರುಳು, ಅಸಾಧಾರಣ ಸಾಧನಗಳನ್ನು ಬಳಸಲೇಬೇಕೆಂಬ ಕಡ್ಡಾಯವಿಲ್ಲ ಎಂಬುದು.

ಆಗಿನ್ನೂ ಬಯೋಎಥಿಕ್ಸ್, ಅಂದರೆ ಜೈವಿಕ ನೀತಿಶಾಸ್ತ್ರ, ಎಂಬ ಹೆಸರು ಬಳಕೆಗೆ ಬಂದಿರಲಿಲ್ಲ. ಅಮೆರಿಕದ ಕ್ಯಾನ್ಸರ್ ಸಂಶೋಧಕ ವ್ಯಾನ್ ರೆನ್ಸೆಲಾರ್ ಪಾಟರ್ 1970ರ ಸುಮಾರಿಗೆ ಆ ಪದವನ್ನು ಚಾಲ್ತಿಗೆ ತಂದಾಗ ಅವರ ಮನಸ್ಸಿನಲ್ಲಿದ್ದದ್ದು ಮನುಷ್ಯಕುಲವೂ ಭೂಮಿಯೂ ಒಟ್ಟಿಗೆ ಉಳಿಯುವುದು ಹೇಗೆ ಎಂಬ ದೊಡ್ಡ ಯೋಚನೆ. ಆದರೆ ಶಾಸ್ತ್ರ ಬೆಳೆದದ್ದು ಆಸ್ಪತ್ರೆ, ಪ್ರಯೋಗಾಲಯಗಳ ಒಳಗೆ. ನಾಜಿ ವೈದ್ಯರ ವಿಚಾರಣೆಯಿಂದ 1947ರಲ್ಲಿ ಹೊರಬಂದ ನ್ಯೂರೆಂಬರ್ಗ್ ಸಂಹಿತೆ ಪ್ರಯೋಗಕ್ಕೆ ಒಳಗಾಗುವವರ ಒಪ್ಪಿಗೆ ಅನಿವಾರ್ಯ ಎಂದಿತು. 1960ರ ದಶಕದ ಆರಂಭದಲ್ಲಿ ಸಿಯಾಟಲ್‌ನಲ್ಲಿ ಡಯಾಲಿಸಿಸ್ ಯಂತ್ರಗಳು ಕೆಲವೇ ಇದ್ದುದರಿಂದ ಯಾರಿಗೆ ಕೊಡಬೇಕೆಂದು ತೀರ್ಮಾನಿಸಲು ಊರಿನ ನಾಗರಿಕರ ಸಮಿತಿ ಕೂತಿತು. ಪ್ರತಿ ಹೊಸ ಯಂತ್ರದ ಹಿಂದೆ ಒಂದೊಂದು ಹೊಸ ಪ್ರಶ್ನೆ ಬಂದಿದೆ. ವೆಂಟಿಲೇಟರಿನ ಪ್ರಶ್ನೆ ಮಾತ್ರ ಎಪ್ಪತ್ತು ವರ್ಷವಾದರೂ ಮುಗಿದಿಲ್ಲ.

ಭಾರತದಲ್ಲಿ ಈ ಪ್ರಶ್ನೆ ಮನೆಮಾತಾದದ್ದು ಹೊನ್ನಾವರ ತಾಲೂಕಿನ ಹಳದೀಪುರದ ಒಬ್ಬ ಹೆಣ್ಣುಮಗಳಿಂದ. ಅರುಣಾ ಶಾನಭಾಗ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ವಾರ್ಡ್‌ಬಾಯ್ ನಾಯಿಯ ಸರಪಳಿಯಿಂದ ಕುತ್ತಿಗೆ ಬಿಗಿದು ಅವರ ಮೇಲೆ ಅತ್ಯಾಚಾರ ಎಸಗಿದ. ಮಿದುಳಿಗೆ ಆಮ್ಲಜನಕ ತಪ್ಪಿ ಅವರು ಮತ್ತೆ ಎಚ್ಚರಗೊಳ್ಳಲಿಲ್ಲ. ಅವರಿಗೆ ಆಹಾರ ಕೊಡುವುದನ್ನು ನಿಲ್ಲಿಸಿ ಶಾಂತಿಯಿಂದ ಸಾಯಲು ಬಿಡಬೇಕೆಂದು ಅವರ ಪರವಾಗಿ ಪತ್ರಕರ್ತೆ ಪಿಂಕಿ ವಿರಾನಿ ಸಲ್ಲಿಸಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2011ರ ಮಾರ್ಚ್ 7ರಂದು ತಳ್ಳಿಹಾಕಿತು. ಹಾಗೆ ಮಾಡುವಾಗಲೇ ಹೈಕೋರ್ಟಿನ ಅನುಮತಿ ಪಡೆದು ಜೀವಾಧಾರಕ ಚಿಕಿತ್ಸೆ ನಿಲ್ಲಿಸಬಹುದು ಎಂಬ ತತ್ವವನ್ನು ಒಪ್ಪಿಕೊಂಡಿತು. ಅರುಣಾ ಅವರ ವಿಷಯದಲ್ಲಿ ಮಾತನಾಡುವ ಹಕ್ಕು ಯಾರಿಗೆ ಎಂಬ ಪ್ರಶ್ನೆಗೆ ಕೋರ್ಟ್ ಕೊಟ್ಟ ಉತ್ತರ ಗಮನಿಸುವಂಥದ್ದು. ದಶಕಗಟ್ಟಲೆ ಅವರ ಮೈ ತೊಳೆದು, ಆಹಾರ ನುಣ್ಣಗೆ ಮಾಡಿ ತಿನ್ನಿಸಿದ ಕೆಇಎಂ ಸಿಬ್ಬಂದಿಯನ್ನೇ ಅದು ಆಪ್ತರೆಂದು ಗುರುತಿಸಿತು. ಅವರು ಅರುಣಾ ಬದುಕಿರಲಿ ಎಂದರು. 2015ರ ಮೇ 18ರಂದು ನ್ಯುಮೋನಿಯಾದಿಂದ ಅರುಣಾ ತೀರಿಕೊಂಡರು. ನೋಡಿಕೊಂಡವರ ಮಾತಿಗೆ ಬೆಲೆ ಕೊಟ್ಟದ್ದು ಸರಿ ಎಂದೇ ನನ್ನ ಅಭಿಪ್ರಾಯ. ರಕ್ತಸಂಬಂಧ ಇದೆ ಎಂಬ ಒಂದೇ ಕಾರಣಕ್ಕೆ ವರ್ಷಕ್ಕೊಮ್ಮೆ ಮುಖ ತೋರಿಸುವವರ ಮಾತು ನಡೆಯುವ ಐಸಿಯುಗಳು ಎಷ್ಟೋ ಇವೆ.

ಪ್ರತಿ ರೋಗಿಗೂ ಹೈಕೋರ್ಟಿಗೆ ಹೋಗುವುದು ಆಗದ ಮಾತು. ‘ಕಾಮನ್ ಕಾಸ್’ ಸಂಸ್ಥೆ 2005ರಲ್ಲೇ ಹಾಕಿದ್ದ ಅರ್ಜಿಯ ಮೇಲೆ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2018ರ ಮಾರ್ಚ್ 9ರಂದು ತೀರ್ಪು ಕೊಟ್ಟಿತು. ಘನತೆಯಿಂದ ಸಾಯುವುದು 21ನೇ ವಿಧಿಯ ಬದುಕುವ ಹಕ್ಕಿನ ಭಾಗ, ಲಿವಿಂಗ್ ವಿಲ್, ಅಂದರೆ ಮುಂದೆ ಮಾತಾಡಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವ ಮುಂಗಡ ವೈದ್ಯಕೀಯ ನಿರ್ದೇಶನ, ಊರ್ಜಿತ ಎಂದು ಹೇಳಿತು. ಹೇಳಿದ್ದು ದೊಡ್ಡದು, ಆದರೆ ಹಾಕಿದ ಷರತ್ತು ನಡೆಯುವಂಥದ್ದಾಗಿರಲಿಲ್ಲ. ನಿರ್ದೇಶನಕ್ಕೆ ಪ್ರಥಮ ದರ್ಜೆ ನ್ಯಾಯಿಕ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. ಚಿಕಿತ್ಸೆ ನಿಲ್ಲಿಸುವ ಮುನ್ನ ಆ ಮ್ಯಾಜಿಸ್ಟ್ರೇಟರೇ ರೋಗಿಯನ್ನು ಬಂದು ನೋಡಬೇಕಿತ್ತು. ಐಸಿಯು ವೈದ್ಯರ ಸಂಘಟನೆ ಮತ್ತೆ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ 2023ರ ಜನವರಿ 24ರಂದು ಷರತ್ತುಗಳು ಸಡಿಲವಾದವು.

ಈಗಿನ ಕ್ರಮ ಹೀಗಿದೆ. ಮೊದಲು ಪ್ರಾಥಮಿಕ ವೈದ್ಯಕೀಯ ಮಂಡಳಿ. ಚಿಕಿತ್ಸೆ ಕೊಡುತ್ತಿರುವ ವೈದ್ಯರು, ಅವರ ಜೊತೆ ಆಯಾ ವಿಭಾಗದಲ್ಲಿ ಕನಿಷ್ಠ 5 ವರ್ಷ ಅನುಭವವಿರುವ ಇಬ್ಬರು ತಜ್ಞರು. ರೋಗ ವಾಸಿಯಾಗದ ಹಂತದಲ್ಲಿದೆ, ಚಿಕಿತ್ಸೆ ಸಾವನ್ನು ಮುಂದೂಡುತ್ತಿದೆ ಅಷ್ಟೆ ಎಂಬುದನ್ನು ಇವರು ನೋಡಿ ಅಭಿಪ್ರಾಯ ಬರೆಯಬೇಕು. ಆಮೇಲೆ ಆಸ್ಪತ್ರೆಯೇ ರಚಿಸುವ ದ್ವಿತೀಯ ಮಂಡಳಿ. ಇದರಲ್ಲಿ ಜಿಲ್ಲೆಯ ಆರೋಗ್ಯಾಧಿಕಾರಿ ಹೆಸರಿಸಿದ ಒಬ್ಬ ವೈದ್ಯರು, ಮೊದಲ ಮಂಡಳಿಯಲ್ಲಿ ಇಲ್ಲದ ಇಬ್ಬರು ತಜ್ಞರು. ಎರಡೂ ಮಂಡಳಿಗಳು ಸಾಧ್ಯವಾದಷ್ಟು 48 ಗಂಟೆಯೊಳಗೆ ಅಭಿಪ್ರಾಯ ಕೊಡಬೇಕು. ರೋಗಿ ಮೊದಲೇ ನಿರ್ದೇಶನ ಬರೆದಿಟ್ಟಿದ್ದರೆ ಅದರಲ್ಲಿ ಹೆಸರಿಸಿದವರ ಒಪ್ಪಿಗೆ ಬೇಕು. ಬರೆದಿಟ್ಟಿಲ್ಲದಿದ್ದರೆ ಹತ್ತಿರದ ಬಂಧುಗಳ ಒಪ್ಪಿಗೆ. ಲಿವಿಂಗ್ ವಿಲ್ ಇಲ್ಲದವರಿಗೆ ಈ ದಾರಿ ಇಲ್ಲ ಎಂಬ ತಪ್ಪು ತಿಳಿವಳಿಕೆ ವೈದ್ಯರಲ್ಲೂ ಇದೆ. ಇಬ್ಬರಿಗೂ ದಾರಿ ಒಂದೇ. ಕೊನೆಗೆ ಆಸ್ಪತ್ರೆ ತನ್ನ ವ್ಯಾಪ್ತಿಯ ಮ್ಯಾಜಿಸ್ಟ್ರೇಟರಿಗೆ ವಿಷಯ ತಿಳಿಸಿ ನಿರ್ಧಾರವನ್ನು ಜಾರಿ ಮಾಡಬೇಕು. ಇಲ್ಲಿ ಆಸ್ಪತ್ರೆಗಳ ಕಾನೂನು ವಿಭಾಗ ಎಡವುವುದುಂಟು. ತಿಳಿಸಿದರೆ ಸಾಕು, ಅನುಮತಿಗೆ ಕಾಯಬೇಕಿಲ್ಲ. ಮಂಡಳಿ ಒಪ್ಪದಿದ್ದಾಗ ಮಾತ್ರ ಹೈಕೋರ್ಟಿನ ಬಾಗಿಲು.

ಕರ್ನಾಟಕದ ಆದೇಶ ಇದಕ್ಕೆ ಎರಡು ಉಪಯುಕ್ತ ಸಂಗತಿ ಸೇರಿಸಿತು. ದ್ವಿತೀಯ ಮಂಡಳಿಗೆ ಜಿಲ್ಲಾ ಆರೋಗ್ಯಾಧಿಕಾರಿ ಯಾರನ್ನು ಹೆಸರಿಸಬಹುದು ಎಂಬ ಗೊಂದಲಕ್ಕೆ, ಅಂಗಾಂಗ ಕಸಿ ಕಾಯ್ದೆಯಡಿ ಮಿದುಳು ಸಾವನ್ನು ಪ್ರಮಾಣೀಕರಿಸಲು ಈಗಾಗಲೇ ಮಾನ್ಯತೆ ಪಡೆದಿರುವ ನರರೋಗ ತಜ್ಞರು, ಶಸ್ತ್ರವೈದ್ಯರು, ಅರಿವಳಿಕೆ ತಜ್ಞರು, ಐಸಿಯು ತಜ್ಞರನ್ನು ಪರಿಗಣಿಸಬಹುದು ಎಂಬ ಉತ್ತರ ಸಿಕ್ಕಿತು. ಹೊಸ ಪಟ್ಟಿ ಮಾಡುವ ಕೆಲಸ ಉಳಿಯಿತು. ಎರಡನೆಯದು, ಮುಂಗಡ ನಿರ್ದೇಶನ ಬರೆಯುವವರು ತಮ್ಮ ಪರವಾಗಿ ನಿರ್ಧರಿಸಲು ಕನಿಷ್ಠ ಇಬ್ಬರನ್ನು ಹೆಸರಿಸಬೇಕು ಎಂಬ ಸೂಚನೆ. ಒಬ್ಬರೇ ಇದ್ದು ಅವರು ದುಬೈಯಲ್ಲೋ ಡಲ್ಲಾಸ್‌ನಲ್ಲೋ ಇದ್ದರೆ ಏನಾಗುತ್ತದೆಂದು ಊಹಿಸಿ ನೋಡಿ.

ಆದರೂ ‘ಲಾಮಾ’ ಫಾರಂ ಯಾಕೆ ಉಳಿದಿದೆ? ಒಂದು ಕಾರಣ ಲೆಕ್ಕ ಹಾಕಿದರೆ ತಿಳಿಯುತ್ತದೆ. ಎರಡು ಮಂಡಳಿಗೆ ಆರು ವೈದ್ಯರು ಬೇಕು, ಅವರಲ್ಲಿ ನಾಲ್ವರಾದರೂ 5 ವರ್ಷ ಅನುಭವದ ತಜ್ಞರಾಗಿರಬೇಕು. ಬೆಂಗಳೂರು, ಮಂಗಳೂರು, ಮಣಿಪಾಲದ ದೊಡ್ಡ ಆಸ್ಪತ್ರೆಗಳಿಗೆ ಇದು ಕಷ್ಟವಲ್ಲ. ತಾಲೂಕು ಕೇಂದ್ರದ ಮೂವತ್ತು ಹಾಸಿಗೆಯ ನರ್ಸಿಂಗ್ ಹೋಮಿನಲ್ಲಿ ವೆಂಟಿಲೇಟರ್ ಇರುತ್ತದೆ, ಅಷ್ಟು ತಜ್ಞರಿರುವುದಿಲ್ಲ. ಎರಡನೆಯದು ಸಮಯ. 48 ಮತ್ತು 48 ಸೇರಿ ನಾಲ್ಕು ದಿನ, ಆ ನಾಲ್ಕು ದಿನದ ಐಸಿಯು ಬಿಲ್ಲು ಕಟ್ಟುವವರು ಮನೆಯವರು. ಮೂರನೆಯದು ಭಯ. ‘ನೀವೇ ಕೊಂದಿರಿ’ ಎಂದು ನಾಳೆ ಯಾರೋ ಒಬ್ಬ ಬಂಧು ಗಲಾಟೆ ಎಬ್ಬಿಸಿದರೆ? ಫಾರಮ್ಮಿನ ಮೇಲೆ ಮಗನ ಸಹಿ ಇದ್ದರೆ ಆಸ್ಪತ್ರೆಗೆ ಸುರಕ್ಷಿತ ಅನಿಸುತ್ತದೆ. ನಿಜಕ್ಕೂ ಅದು ಸುರಕ್ಷಿತವೇನಲ್ಲ. ವೈದ್ಯರೇ ‘ಇನ್ನು ಪ್ರಯೋಜನವಿಲ್ಲ, ಕರ್ಕೊಂಡು ಹೋಗಿ’ ಎಂದು ಹೇಳಿ, ಅದೇ ವೈದ್ಯರ ಸಲಹೆಗೆ ವಿರುದ್ಧವಾಗಿ ಹೋಗುತ್ತಿದ್ದೇವೆ ಎಂದು ಮನೆಯವರಿಂದ ಬರೆಸಿಕೊಳ್ಳುವುದು ಸುಳ್ಳು ದಾಖಲೆ. ಎರಡು ಮಂಡಳಿಗಳ ಟಿಪ್ಪಣಿ, ಮನೆಯವರ ಒಪ್ಪಿಗೆ, ಮ್ಯಾಜಿಸ್ಟ್ರೇಟರಿಗೆ ಹೋದ ಪತ್ರದ ಪ್ರತಿ, ಇಷ್ಟಿದ್ದರೆ ವೈದ್ಯರಿಗೆ ಎಷ್ಟೋ ಗಟ್ಟಿಯಾದ ರಕ್ಷಣೆ. ಜಿಲ್ಲೆಯ ಆಸ್ಪತ್ರೆಗಳು ಸೇರಿ ಒಂದು ಸಾಮಾನ್ಯ ತಜ್ಞರ ಪಟ್ಟಿ ಮಾಡಿಕೊಂಡರೆ, ಪ್ರಕರಣ ಬರುವ ಮುಂಚೆಯೇ ಆರೋಗ್ಯಾಧಿಕಾರಿ ಹೆಸರು ಸೂಚಿಸಿಟ್ಟರೆ, ನಾಲ್ಕು ದಿನದ ಕೆಲಸ ಒಂದೇ ದಿನದಲ್ಲಿ ಮುಗಿಯುತ್ತದೆ.

ಕಾನೂನಿಗಿಂತ ಹೆಚ್ಚು ಕೆಲಸ ಇರುವುದು ಮನೆಯವರ ಜೊತೆ ನಡೆಯುವ ಮಾತಿನಲ್ಲಿ. ಐಸಿಯು ಬಾಗಿಲ ಸಂದಿಯಲ್ಲಿ ನಿಂತು, ‘ವೆಂಟಿಲೇಟರ್ ಮುಂದುವರಿಸಬೇಕಾ, ತೆಗೀಬೇಕಾ, ನೀವೇ ಹೇಳಿ’ ಎಂದು ಕೇಳುವುದು ಕ್ರೂರ. ಹೆತ್ತವರ ಉಸಿರು ನಿಲ್ಲಿಸಿ ಎಂದು ಯಾವ ಮಗಳು ಹೇಳಿಯಾಳು? ಸಹಜವಾಗಿಯೇ ಉತ್ತರ ‘ನಿಮ್ಮ ಕೈಲಾದದ್ದೆಲ್ಲ ಮಾಡಿ ಡಾಕ್ಟ್ರೇ’. ಕುರ್ಚಿಗಳಿರುವ ಕೋಣೆಯಲ್ಲಿ, ಮೊಬೈಲ್ ಬದಿಗಿಟ್ಟು, ಅರ್ಧ ಗಂಟೆ ಕೂತು ಆಡುವ ಮಾತಿಗೆ ಬೇರೆಯೇ ದಾರಿ ಇದೆ.

‘ನಿಮ್ಮ ತಾಯಿಗೆ ಏನಾಗಿದೆ ಅಂತ ನಿಮಗೆ ಇಲ್ಲಿವರೆಗೆ ಏನು ಹೇಳಿದ್ದಾರಮ್ಮ?’

‘ಸೋಂಕು ರಕ್ತಕ್ಕೆ ಹೋಗಿದೆ, ಕಿಡ್ನಿ ಕೆಲಸ ಮಾಡ್ತಿಲ್ಲ ಅಂದ್ರು ಸಾರ್.’

‘ಹೌದು. ಐದು ದಿನದಿಂದ ಔಷಧಿ ಏರಿಸ್ತಾನೇ ಇದ್ದೀವಿ, ಬಿಪಿ ನಿಲ್ತಾ ಇಲ್ಲ. ಅವರು ಉಳಿಯಲ್ಲ ಅನ್ನೋದು ನಮ್ಮ ಅಭಿಪ್ರಾಯ. ಒಂದು ಮಾತು ಕೇಳ್ತೀನಿ. ಅಮ್ಮ ಇಲ್ಲಿ ಕೂತು ಇದನ್ನೆಲ್ಲ ಕೇಳಿಸ್ಕೊಂಡಿದ್ರೆ ಏನು ಹೇಳ್ತಿದ್ರು?’

ಇದಕ್ಕೆ ನಮ್ಮ ಮನೆಗಳಲ್ಲಿ ಉತ್ತರ ಸಿದ್ಧವಾಗಿಯೇ ಇರುತ್ತದೆ. ‘ಓಡಾಡ್ತಿರುವಾಗ್ಲೇ ಹೋಗ್ಬಿಡ್ಬೇಕು ಅಂತಿದ್ರು.’ ‘ಯಾರ ಕೈಲೂ ಮಾಡಿಸ್ಕೋಬಾರ್ದು ಅಂತಿದ್ರು.’ ದೇವರಲ್ಲಿ ಅನಾಯಾಸ ಮರಣ ಬೇಡಿಕೊಂಡು ಬದುಕಿದ ತಲೆಮಾರು ಅದು. ಅವರು ಏನು ಬಯಸುತ್ತಿದ್ದರು ಎಂಬುದು ಮಕ್ಕಳಿಗೆ ಗೊತ್ತಿರುತ್ತದೆ, ಕೇಳುವವರಿರುವುದಿಲ್ಲ. ಆ ಉತ್ತರ ಬಂದ ಮೇಲೆ ವೈದ್ಯರು ಸುಮ್ಮನಾಗಬಾರದು. ‘ಹಾಗಾದರೆ ಯಂತ್ರ ನಿಲ್ಲಿಸಿ, ನೋವಾಗದ ಹಾಗೆ ನೋಡಿಕೊಳ್ಳೋಣ ಅನ್ನೋದು ನಮ್ಮ ಸಲಹೆ. ಇದು ನಿಮ್ಮೊಬ್ಬರ ನಿರ್ಧಾರ ಅಲ್ಲ, ನಾವೆಲ್ಲ ಸೇರಿ ಮಾಡ್ತಿರೋದು’ ಎಂದು ಬಾಯಿಬಿಟ್ಟು ಹೇಳಬೇಕು. ಯಾರು ಬಂದಿದ್ದರು, ಏನು ಹೇಳಿದರು, ಎಷ್ಟು ಹೊತ್ತಿಗೆ ಎಂಬುದನ್ನು ಅವತ್ತೇ ಕೇಸ್ ಶೀಟಿನಲ್ಲಿ ಬರೆದು ಸಹಿ ಮಾಡಬೇಕು. ಅರ್ಧದಷ್ಟು ಜಗಳ ಹುಟ್ಟುವುದೇ ಒಬ್ಬೊಬ್ಬ ಬಂಧುವಿಗೆ ಒಬ್ಬೊಬ್ಬ ವೈದ್ಯರು ಒಂದೊಂದು ಹೇಳಿರುವುದರಿಂದ.

ಎಷ್ಟೋ ಸಲ ಸ್ಥಿತಿ ಇಷ್ಟು ಸ್ಪಷ್ಟವಾಗಿರುವುದಿಲ್ಲ. ಎಂಬತ್ತು ವರ್ಷದ ಹಿರಿಯರಿಗೆ ಹಳೆಯ ಶ್ವಾಸಕೋಶದ ಕಾಯಿಲೆ, ಮೇಲೆ ನ್ಯುಮೋನಿಯಾ. ಉಳಿಯಬಹುದು, ಉಳಿಯದಿರಬಹುದು. ಇಲ್ಲಿ ಅವಧಿ ಗೊತ್ತುಮಾಡಿ ಚಿಕಿತ್ಸೆ ಕೊಟ್ಟು ನೋಡುವುದು ಒಳ್ಳೆಯ ಕ್ರಮ. ಮೂರರಿಂದ ಐದು ದಿನ ವೆಂಟಿಲೇಟರ್ ಹಾಕಿ ನೋಡೋಣ, ಬಿಪಿ ಏರಿಸುವ ಔಷಧಿ ಇಳಿಯುತ್ತಿದೆಯೇ, ಮೂತ್ರ ಬರುತ್ತಿದೆಯೇ, ಆಮ್ಲಜನಕ ಕಡಿಮೆ ಸಾಕಾಗುತ್ತಿದೆಯೇ, ಕರೆದರೆ ಕಣ್ಣು ತೆರೆಯುತ್ತಾರೆಯೇ ಎಂಬ ನಾಲ್ಕು ಅಂಶ ನೋಡೋಣ, ಇಂಥ ದಿನ ಮತ್ತೆ ಕೂರೋಣ ಎಂದು ಮೊದಲೇ ಹೇಳಿಡುವುದು. ಹಾಕದೇ ಇರುವುದಕ್ಕೂ ಹಾಕಿ ತೆಗೆಯುವುದಕ್ಕೂ ನೀತಿಯ ದೃಷ್ಟಿಯಿಂದ ವ್ಯತ್ಯಾಸವಿಲ್ಲ ಎಂಬುದನ್ನು ತತ್ವಜ್ಞರಲ್ಲಿ ಬಹುತೇಕರು ಒಪ್ಪುತ್ತಾರೆ. ವೈದ್ಯರಿಗೂ ಮನೆಯವರಿಗೂ ಮನಸ್ಸಿನಲ್ಲಿ ವ್ಯತ್ಯಾಸ ಇದ್ದೇ ಇರುತ್ತದೆ. ತೆಗೆಯಲಾಗುವುದಿಲ್ಲ ಎಂಬ ಹೆದರಿಕೆಯಿಂದ ಹಾಕದೇ ಬಿಟ್ಟು, ಬದುಕಬಹುದಾಗಿದ್ದವರು ಹೋಗಬಾರದು. ಅವಧಿ ಹೇಳಿಡುವುದು ಅದಕ್ಕೇ.

‘ಅಮೆರಿಕದಿಂದ ಮಗ ಬರೋ ತನಕ ಇಟ್ಟಿರಿ’ ಎಂಬುದು ಕರ್ನಾಟಕದ ಐಸಿಯುಗಳಲ್ಲಿ ದಿನವೂ ಕೇಳುವ ಮಾತು. ರೋಗಿಯ ಮೈಯನ್ನು ಮಗನ ಸಮಾಧಾನಕ್ಕಾಗಿ ಯಂತ್ರದ ಮೇಲಿಡುವುದು ಸರಿಯೇ? ಕಟ್ಟುನಿಟ್ಟಾಗಿ ನೋಡಿದರೆ ಸರಿಯಲ್ಲ. ಆದರೂ ಒಂದೆರಡು ದಿನ ಕಾಯುವುದನ್ನು ನಾನು ತಪ್ಪೆನ್ನಲಾರೆ. ಮಗ ಬಂದು ಮುಖ ನೋಡಲಿ ಎಂದು ಆ ತಾಯಿಯೇ ಬಯಸುತ್ತಿದ್ದರು ಎಂಬುದು ಬಹುಮಟ್ಟಿಗೆ ನಿಜ. ಆದರೆ ಆ ಅವಧಿಯಲ್ಲಿ ನೋವು ನಿವಾರಕ, ನಿದ್ದೆಯ ಔಷಧಿ ಸರಿಯಾಗಿ ನಡೆಯುತ್ತಿರಬೇಕು. ಹೃದಯ ನಿಂತರೆ ಎದೆ ಒತ್ತುವುದಿಲ್ಲ ಎಂಬುದು ಮೊದಲೇ ತೀರ್ಮಾನವಾಗಿರಬೇಕು. ಸಿಪಿಆರ್ ಎಂದರೆ ಎದೆಯನ್ನು ನಿಮಿಷಕ್ಕೆ 100ರಿಂದ 120 ಸಲ, ಪ್ರತಿ ಸಲ 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತುವುದು. ಎಂಬತ್ತರ ವಯಸ್ಸಿನವರ ಪಕ್ಕೆಲುಬು ಅದಕ್ಕೆ ಮುರಿಯುತ್ತದೆ. ವಾಸಿಯಾಗದ ಕಾಯಿಲೆಯವರಿಗೆ ಸಿಪಿಆರ್ ಬೇಡ ಎಂದು ದಾಖಲಿಸುವುದಕ್ಕೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲೇ ಮಾರ್ಗಸೂಚಿ ಕೊಟ್ಟಿದೆ.

ಇನ್ನು ನಳಿಕೆ ತೆಗೆಯುವ ಕೆಲಸ. ಇದಕ್ಕೊಂದು ಅನುಕ್ರಮವಿದೆ. ಸ್ನಾಯು ಸಡಿಲಿಸುವ ಔಷಧಿ ಕೊಟ್ಟಿದ್ದರೆ ಅದರ ಪರಿಣಾಮ ಪೂರ್ತಿ ಇಳಿಯುವ ತನಕ ಕಾಯಬೇಕು, ಇಲ್ಲವಾದರೆ ರೋಗಿ ಒಳಗೇ ಸಂಕಟಪಡುತ್ತಿದ್ದರೂ ಮುಖದಲ್ಲಿ ಕಾಣುವುದಿಲ್ಲ. ಮಾರ್ಫಿನ್ ಮತ್ತು ನಿದ್ದೆ ತರಿಸುವ ಮಿಡಜೋಲಾಮ್ ಮೊದಲೇ ಶುರುವಾಗಿರಬೇಕು, ನಳಿಕೆ ತೆಗೆದ ಮೇಲೆ ಹುಡುಕಿಕೊಂಡು ಹೋಗುವುದಲ್ಲ. ಗಂಟಲಿನ ಕಫ ಒಣಗಿಸಲು ಗ್ಲೈಕೋಪೈರೊಲೇಟ್ ಕೊಟ್ಟಿರಬೇಕು, ಗಂಟಲು ಊದಿಕೊಳ್ಳದಂತೆ ಕೆಲವರಿಗೆ ಸ್ಟೀರಾಯ್ಡ್. ಮಾನಿಟರಿನ ಅಲಾರಂ ಆರಿಸಿ, ಕೈ ಕಟ್ಟಿದ್ದರೆ ಬಿಚ್ಚಿ, ಮನೆಯವರನ್ನು ಹತ್ತಿರ ಕರೆಯಬೇಕು. ಬಿಪಿ ಏರಿಸುವ ಔಷಧಿ ನಿಲ್ಲಿಸಿ, ಯಂತ್ರದ ಆಮ್ಲಜನಕವನ್ನು ಹಂತಹಂತವಾಗಿ ಕೋಣೆಯ ಗಾಳಿಯ ಮಟ್ಟಕ್ಕೆ, ಅಂದರೆ ಶೇ. 21ಕ್ಕೆ ಇಳಿಸುತ್ತಾರೆ. ಪ್ರತಿ ಹಂತದಲ್ಲೂ ಹುಬ್ಬು ಗಂಟಿಕ್ಕಿದೆಯೇ, ಕುತ್ತಿಗೆಯ ಸ್ನಾಯು ಸೆಟೆಯುತ್ತಿದೆಯೇ, ಉಸಿರು ನಿಮಿಷಕ್ಕೆ ಮೂವತ್ತು ದಾಟುತ್ತಿದೆಯೇ ಎಂದು ನೋಡಿ ಮಾರ್ಫಿನ್ ಹೊಂದಿಸುತ್ತಾರೆ. ಆಮೇಲೆ ನಳಿಕೆ ಹೊರಕ್ಕೆ. ಸಂಕಟ ಎಷ್ಟಿದೆಯೋ ಅಷ್ಟು ಔಷಧಿ ಕೊಡುವುದು ಚಿಕಿತ್ಸೆ. ಸಾವು ಬೇಗ ಬರಲಿ ಎಂದು ಕೊಡುವುದು ಇವತ್ತಿಗೂ ಅಪರಾಧ. ಎರಡರ ನಡುವಿನ ಗೆರೆ ಕಾಣುವುದು ಡೋಸಿನ ಜೊತೆಗೆ ಕಾರಣವನ್ನೂ ಬರೆದಿಟ್ಟ ನರ್ಸಿಂಗ್ ಚಾರ್ಟಿನಲ್ಲಿ.

ಮನೆಯವರಿಗೆ ಮುಂಚೆಯೇ ಹೇಳಲೇಬೇಕಾದ ಎರಡು ಸಂಗತಿಗಳಿವೆ. ನಳಿಕೆ ತೆಗೆದ ಕೂಡಲೇ ಉಸಿರು ನಿಲ್ಲಲೇಬೇಕೆಂದಿಲ್ಲ, ಕೆಲವರಲ್ಲಿ ಒಂದೆರಡು ದಿನವೂ ನಡೆಯಬಹುದು. ಹೇಳದಿದ್ದರೆ, ‘ಉಸಿರಾಡ್ತಿದಾರಲ್ಲ, ನಾವೇ ತಪ್ಪು ಮಾಡಿದ್ವಾ’ ಎಂಬ ಕೊರಗು ಜನ್ಮಪೂರ್ತಿ ಉಳಿಯುತ್ತದೆ. ಇನ್ನೊಂದು, ಗಂಟಲಲ್ಲಿ ಬರುವ ಗೊರಗೊರ ಸದ್ದು ಕೇಳುವವರಿಗೆ ಭಯಂಕರ, ಪ್ರಜ್ಞೆ ಇಲ್ಲದ ರೋಗಿಗೆ ಅದರ ಅರಿವಿರುವುದಿಲ್ಲ. ನಳಿಕೆ ಇಲ್ಲದ ಬಾಯಿಗೆ ಮನೆಯವರು ಒಂದೆರಡು ಹನಿ ತುಳಸಿ ನೀರೋ ಗಂಗಾಜಲವೋ ಬಿಡಬಹುದು. ವೆಂಟಿಲೇಟರ್ ಮೇಲೆಯೇ ತೀರಿಕೊಂಡವರ ಮನೆಯಲ್ಲಿ ‘ಬಾಯಿಗೆ ನೀರು ಬಿಡಕ್ಕೂ ಆಗ್ಲಿಲ್ಲ’ ಎಂಬ ಮಾತು ವರ್ಷಗಟ್ಟಲೆ ಕೇಳುತ್ತಿರುತ್ತದೆ.

ಮನೆಯಲ್ಲೇ ಕೊನೆಯುಸಿರೆಳೆಯಲಿ ಎಂಬ ಆಸೆ ತಪ್ಪಲ್ಲ. ನನ್ನ ತಕರಾರು ಇರುವುದು ಬರಿಗೈಯಲ್ಲಿ ಕಳಿಸುವುದರ ಬಗ್ಗೆ. ಕಳಿಸುವ ಆಸ್ಪತ್ರೆ ಡಿಸ್ಚಾರ್ಜ್ ಚೀಟಿಯಲ್ಲಿ ರೋಗ ಯಾವ ಹಂತದಲ್ಲಿದೆ ಎಂಬುದನ್ನು ಬಿಡಿಸಿ ಬರೆಯಬೇಕು. ನೋವಿಗೆ, ಉಬ್ಬಸಕ್ಕೆ ಔಷಧಿ ಕಟ್ಟಿಕೊಡಬೇಕು. ನುಂಗಬಲ್ಲವರಿಗೆ ಮಾರ್ಫಿನ್ ಮಾತ್ರೆಯನ್ನು ವೈದ್ಯರು ಸಾಮಾನ್ಯವಾಗಿ 2.5ರಿಂದ 5 ಮಿಲಿಗ್ರಾಂನಿಂದ ಶುರುಮಾಡಿ, ನಾಲ್ಕು ಗಂಟೆಗೊಮ್ಮೆ ಕೊಟ್ಟು, ಅಗತ್ಯ ನೋಡಿ ಏರಿಸುತ್ತಾರೆ. ಮಲಬದ್ಧತೆ ಆಗಿಯೇ ಆಗುತ್ತದೆ, ಆದ್ದರಿಂದ ಅದರ ಮಾತ್ರೆಯೂ ಜೊತೆಗಿರಬೇಕು. 2014ರಲ್ಲಿ ಮಾದಕ ವಸ್ತು ಕಾಯ್ದೆಗೆ ತಿದ್ದುಪಡಿಯಾಗಿ ಮಾನ್ಯತೆ ಪಡೆದ ಸಂಸ್ಥೆಗಳು ಮಾರ್ಫಿನ್ ಇಟ್ಟುಕೊಳ್ಳುವುದು ಸುಲಭವಾಗಿದೆ. ಹಾಗಿದ್ದೂ ಅದಕ್ಕೆ ಮುಂದೆ ಬರುವ ಆಸ್ಪತ್ರೆಗಳು ಸಾಲದು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ, ಕ್ಯಾನ್ಸರ್ ರೋಗಿಗಳನ್ನು ಕೊನೆತನಕ ಉಚಿತವಾಗಿ ನೋಡಿಕೊಳ್ಳುವ ಕರುಣಾಶ್ರಯದಂಥ ಜಾಗಗಳು ದಾರಿ ತೋರಿಸಿವೆ. ಜಿಲ್ಲೆಗಳಲ್ಲಿ ಅಂಥವು ಬೆರಳೆಣಿಕೆ. ಮನೆಯಲ್ಲಿ ತೀರಿಕೊಂಡವರ ಸಾವಿನ ಕಾರಣದ ಪತ್ರ, ಅಂದರೆ ನಮೂನೆ 4ಎ, ಕೊನೆಯ ಕಾಯಿಲೆಯಲ್ಲಿ ನೋಡಿದ ವೈದ್ಯರಿಂದ ಬರಬೇಕು. ನೋಂದಣಿಗೆ 21 ದಿನ ಗಡುವು. ಸ್ಥಳೀಯ ವೈದ್ಯರೊಬ್ಬರಿಗೆ ಮೊದಲೇ ತಿಳಿಸಿಟ್ಟಿರದಿದ್ದರೆ ಹೆಣ ಮನೆಯಲ್ಲಿಟ್ಟುಕೊಂಡು ಕಾಗದಕ್ಕೆ ಅಲೆಯಬೇಕಾಗುತ್ತದೆ.

ದುಡ್ಡಿನ ಮಾತು ಬಿಟ್ಟು ಈ ವಿಷಯ ಬರೆದರೆ ಅದು ಪ್ರಾಮಾಣಿಕವಲ್ಲ. ನೀತಿಶಾಸ್ತ್ರದ ಪಠ್ಯಗಳು ರೋಗಿಯ ಸ್ವಾಯತ್ತತೆಯನ್ನು ಮೊದಲ ತತ್ವವಾಗಿ ಹೇಳುತ್ತವೆ. ಎಮ್ಮೆ ಮಾರಿ, ಒಡವೆ ಅಡವಿಟ್ಟು, ಏಳನೇ ದಿನಕ್ಕೆ ಕೈ ಖಾಲಿಯಾಗಿ ‘ಕರ್ಕೊಂಡು ಹೋಗ್ತೀವಿ’ ಎನ್ನುವ ಮನೆಯವರದು ಆಯ್ಕೆಯಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದ್ದರೂ, ದೀರ್ಘ ಐಸಿಯು ವಾಸಕ್ಕೆ ಜೇಬಿನಿಂದ ಹೋಗುವುದು ತಪ್ಪುವುದಿಲ್ಲ. ಬದುಕಬಲ್ಲ ರೋಗಿಯನ್ನು ದುಡ್ಡಿಲ್ಲದೆ ಮನೆಗೊಯ್ಯುವುದಕ್ಕೂ, ಬದುಕಲಾರದ ರೋಗಿಯಿಂದ ಯಂತ್ರ ತೆಗೆಯುವುದಕ್ಕೂ ಇರುವ ವ್ಯತ್ಯಾಸವನ್ನು ‘ಲಾಮಾ’ ಫಾರಂ ಅಳಿಸಿಹಾಕುತ್ತದೆ. ಎರಡಕ್ಕೂ ಒಂದೇ ಕಾಗದ, ಒಂದೇ ಸಹಿ. ಆ ಫಾರಮ್ಮಿನ ಬಗ್ಗೆ ನನಗಿರುವ ದೊಡ್ಡ ಆಕ್ಷೇಪ ಇದು. ಎರಡು ಮಂಡಳಿಗಳ ಕ್ರಮ ತಡವಾಗುತ್ತದೆ ನಿಜ, ಆದರೆ ಈ ಎರಡನ್ನು ಬೇರ್ಪಡಿಸುತ್ತದೆ.

ಆರೋಗ್ಯವಾಗಿರುವಾಗಲೇ ಮುಂಗಡ ನಿರ್ದೇಶನ ಬರೆದಿಡಬೇಕೆನ್ನುವವರಿಗೆ ಕೆಲವು ಮಾತು. 18 ದಾಟಿದ, ಮಾನಸಿಕ ಸ್ವಾಸ್ಥ್ಯವಿರುವ ಯಾರೂ ಬರೆಯಬಹುದು, ಕನ್ನಡದಲ್ಲೇ ಬರೆಯಬಹುದು. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಬೇಕು, ಸಾಕ್ಷಿಗಳು ಮನೆಯ ಹೊರಗಿನವರಾದರೆ ಒಳ್ಳೆಯದು. ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ದೃಢೀಕರಿಸಬೇಕು, ಮ್ಯಾಜಿಸ್ಟ್ರೇಟರ ಹತ್ತಿರ ಹೋಗುವ ಕೆಲಸ ಈಗಿಲ್ಲ. ಸ್ವಇಚ್ಛೆಯಿಂದ, ಪರಿಣಾಮ ತಿಳಿದು ಬರೆಯುತ್ತಿದ್ದೇನೆ, ಯಾವಾಗ ಬೇಕಾದರೂ ಹಿಂಪಡೆಯಬಹುದೆಂದು ಗೊತ್ತಿದೆ ಎಂಬ ಸಾಲುಗಳು ಇರಲೇಬೇಕು. ಮಾನಸಿಕ ಆರೋಗ್ಯ ಕಾಯ್ದೆ, 2017ರಲ್ಲೂ ಮುಂಗಡ ನಿರ್ದೇಶನ ಎಂಬುದಿದೆ. ಅದು ಮಾನಸಿಕ ಕಾಯಿಲೆಯ ಚಿಕಿತ್ಸೆಗೆ ಸಂಬಂಧಿಸಿದ್ದು, ಅಂತರ್ಜಾಲದಿಂದ ಆ ನಮೂನೆ ಇಳಿಸಿಕೊಂಡು ತುಂಬಬೇಡಿ.

ಬರೆಯುವಾಗ ಹೆಚ್ಚಾಗಿ ಆಗುವ ತಪ್ಪು ಅಸ್ಪಷ್ಟತೆ. ‘ನನ್ನನ್ನು ಸುಮ್ಮನೆ ನರಳಿಸಬೇಡಿ’ ಎಂಬ ಸಾಲಿನಿಂದ ವೈದ್ಯರು ಏನೂ ಮಾಡಲಾರರು. ಬರಹ ಅಸ್ಪಷ್ಟವಾಗಿದ್ದರೆ ಅದನ್ನು ಜಾರಿ ಮಾಡುವಂತಿಲ್ಲ ಎಂದು ತೀರ್ಪೇ ಹೇಳಿದೆ. ‘ವಾಸಿಯಾಗದ ಕಾಯಿಲೆಯ ಕೊನೆಯ ಹಂತದಲ್ಲಿದ್ದು, ಅಥವಾ ಜನರನ್ನು ಗುರುತಿಸುವ, ಸಂವಹಿಸುವ ಶಕ್ತಿ ಮರಳಿ ಬರುವುದಿಲ್ಲ ಎಂದು ಮಂಡಳಿಗಳು ಹೇಳಿದಾಗ’ ಎಂದು ಪರಿಸ್ಥಿತಿಯನ್ನು ಬರೆಯಿರಿ. ಆಮೇಲೆ ಒಂದೊಂದನ್ನೇ ಹೆಸರಿಸಿ: ವೆಂಟಿಲೇಟರ್, ಸಿಪಿಆರ್, ಡಯಾಲಿಸಿಸ್, ಬಿಪಿ ಏರಿಸುವ ಔಷಧಿ, ರಕ್ತ ಕೊಡುವುದು. ಬೇಡ ಎನ್ನುವಷ್ಟೇ ಸ್ಪಷ್ಟವಾಗಿ ಬೇಕು ಎನ್ನುವುದನ್ನೂ ಬರೆಯಿರಿ. ನೋವಿಗೆ ಮಾರ್ಫಿನ್, ಬಾಯಿ ಒದ್ದೆ ಮಾಡುವುದು, ಮನೆಯವರು ಪಕ್ಕದಲ್ಲಿರುವುದು. ನಿಮ್ಮ ಪರವಾಗಿ ನಿರ್ಧರಿಸುವ ಇಬ್ಬರಿಗೂ ಓದಿ ಹೇಳಿ, ಅವರು ಒಪ್ಪಿದರೆ ಮಾತ್ರ ಹೆಸರು ಹಾಕಿ. ಅತಿ ಹೆಚ್ಚು ಪ್ರೀತಿಸುವವರಿಗಿಂತ, ಆಸ್ಪತ್ರೆಯಲ್ಲಿ ನಿಂತು ನಿಮ್ಮ ಮಾತು ಹೇಳಬಲ್ಲವರು ಈ ಕೆಲಸಕ್ಕೆ ಒಳ್ಳೆಯದು. ಒಂದು ಪ್ರತಿ ಮನೆಯ ವೈದ್ಯರಿಗೆ, ಒಂದು ಪಾಲಿಕೆಯ ಅಥವಾ ಪಂಚಾಯಿತಿಯ ನಿಯೋಜಿತ ಅಧಿಕಾರಿಗೆ, ಹೆಸರಿಸಿದ ಇಬ್ಬರಿಗೂ ಒಂದೊಂದು. ಬ್ಯಾಂಕ್ ಲಾಕರಿನಲ್ಲಿಟ್ಟರೆ ಬೇಕಾದ ರಾತ್ರಿ ಸಿಗುವುದಿಲ್ಲ.

ಮೂಗಿನ ನಳಿಕೆಯಲ್ಲಿ ಕೊಡುವ ಆಹಾರದ ಬಗ್ಗೆ ಬೇರೆಯೇ ಸಾಲು ಬರೆಯಬೇಕು. ಅತಿ ಹೆಚ್ಚು ಭಿನ್ನಾಭಿಪ್ರಾಯ ಇರುವುದೇ ಇಲ್ಲಿ. ವೈದ್ಯಶಾಸ್ತ್ರ ರೈಲ್ಸ್ ಟ್ಯೂಬಿನ ಆಹಾರವನ್ನು ಚಿಕಿತ್ಸೆ ಎಂದು ನೋಡುತ್ತದೆ, ನಮ್ಮ ಮನೆಗಳಲ್ಲಿ ಅದು ಅನ್ನ. ‘ಹಸಿವಿನಿಂದ ಸಾಯಿಸಿದ್ವಿ’ ಎಂಬ ಮಾತನ್ನು ಯಾವ ಮಗನೂ ತಾಳಲಾರ. ಕೊನೆಯ ದಿನಗಳಲ್ಲಿ ದೇಹಕ್ಕೆ ಆಹಾರ ಬೇಡವಾಗುತ್ತದೆ, ಒತ್ತಾಯದಿಂದ ಹಾಕಿದರೆ ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿಯಬಹುದು ಎಂಬುದನ್ನು ವೈದ್ಯರು ವಿವರಿಸಿ ಹೇಳಬೇಕು. ಅನ್ನ ಬಿಡುವುದನ್ನು ವ್ರತವಾಗಿ ಕಂಡ ಪರಂಪರೆಯೂ ಈ ನೆಲದಲ್ಲಿದೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಸಲ್ಲೇಖನದಿಂದ ದೇಹ ಬಿಟ್ಟವರ ಹೆಸರುಗಳು ಸಾಲುಸಾಲಾಗಿವೆ. 2015ರ ಆಗಸ್ಟಿನಲ್ಲಿ ರಾಜಸ್ಥಾನ ಹೈಕೋರ್ಟ್ ಸಲ್ಲೇಖನವನ್ನು ಆತ್ಮಹತ್ಯೆ ಎಂದಿತು, ಅದೇ ತಿಂಗಳು ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ವ್ರತ ಹಿಡಿದವರು ಎಚ್ಚರದಲ್ಲಿದ್ದು, ಗುರುವಿನ ಒಪ್ಪಿಗೆ ಪಡೆದು ನಿರ್ಧರಿಸುತ್ತಾರೆ. ಪ್ರಜ್ಞೆಯಿಲ್ಲದೆ ವರ್ಷಗಟ್ಟಲೆ ನಳಿಕೆಯ ಆಹಾರದ ಮೇಲಿರುವವರಿಗೆ ಆ ಅವಕಾಶವಿಲ್ಲ. ಅವರ ಪರವಾಗಿ ಬೇರೆಯವರು ಆ ನಿರ್ಧಾರ ಮಾಡಬಹುದೇ ಎಂಬುದರಲ್ಲಿ ಒಳ್ಳೆಯ ಮನಸ್ಸಿನವರೇ ಎರಡು ಕಡೆ ನಿಂತಿದ್ದಾರೆ, ಅರುಣಾ ಅವರ ವಿಷಯದಲ್ಲಿ ನಿಂತಿದ್ದಂತೆ. ಹಾಗಾಗಿ ನಿಮ್ಮ ವಿಷಯದಲ್ಲಿ ನೀವೇ ಬರೆದಿಡಿ, ಬೇಕಾದರೆ ಬೇಕು ಎಂದು, ಬೇಡವಾದರೆ ಎಷ್ಟು ವಾರದ ನಂತರ ಬೇಡ ಎಂದು.

ಮನಸ್ಸು ಬದಲಾದರೆ ಬಾಯಲ್ಲಿ ಹೇಳಿದರೆ ಸಾಲದು. ಬದಲಾವಣೆಯನ್ನೂ ಬರವಣಿಗೆಯಲ್ಲಿ, ಅದೇ ಸಾಕ್ಷಿ, ಅದೇ ದೃಢೀಕರಣದ ಕ್ರಮದಲ್ಲಿ ಮಾಡಬೇಕು. ಒಂದಕ್ಕಿಂತ ಹೆಚ್ಚು ನಿರ್ದೇಶನ ಸಿಕ್ಕರೆ ಕೊನೆಯದಾಗಿ ಸಹಿ ಮಾಡಿದ್ದು ನಡೆಯುತ್ತದೆ. ಆದ್ದರಿಂದ ಪ್ರತಿ ಪುಟದಲ್ಲೂ ತಾರೀಖು ಹಾಕಿ, ಹೊಸದನ್ನು ಬರೆದಾಗ ಹಳೆಯ ಪ್ರತಿ ಯಾರ ಯಾರ ಹತ್ತಿರ ಇದೆಯೋ ಅವರಿಂದ ವಾಪಸ್ ತೆಗೆದುಕೊಳ್ಳಿ.